ಗಜ್ಜುಗದ ಪುಡಿಯ ಲೆಕ್ಕ



ಕೊಯಮತ್ತೂರಿನ ಉಕ್ಕಡದಲ್ಲಿ ಬಸ್ಸಿಳಿದು ಟೌನ್ ಹಾಲ್ ಕಡೆ ನಡೆದು ಯಾವುದಾದರೂ ನಾಟುಮದ್ದಿನ ಅಂಗಡಿ ಹೊಕ್ಕರೆ ಕಳರ್ಚಿಕ್ಕಾಯಿ ಪುಡಿ ಕೇಳಬಹುದು. ನಮ್ಮ ಮನೆಮಾತಿನಲ್ಲಿ ಅದೇ ಗಜ್ಜುಗ. ಚಿಕ್ಕಂದಿನಲ್ಲಿ ನಾವು ಆಡುತ್ತಿದ್ದ ಬೂದು ಬಣ್ಣದ ಬೀಜ. ಅದನ್ನು ಮೆಣಸಿನೊಂದಿಗೆ ಪುಡಿಮಾಡಿ, ಮುಟ್ಟು ತಪ್ಪುವ ಹೆಣ್ಣುಮಕ್ಕಳಿಗೆ ಕೊಡುತ್ತಾರೆ. ತಮಿಳಿನಲ್ಲಿ ನೀರ್ಕಟ್ಟಿ ಎಂದೂ ಡಾಕ್ಟರರು ಪಿ.ಸಿ.ಓ.ಎಸ್. ಎಂದೂ ಹೇಳುವ ತೊಂದರೆಗೆ ಇದೇ ಮದ್ದೆಂದು ಅನೇಕರ ನಂಬಿಕೆ.

ನಮ್ಮ ಮನೆಯ ಹುಡುಗಿಯೊಬ್ಬಳು ಎಂಟು ತಿಂಗಳು ಇದನ್ನೇ ಕುಡಿದಳು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಏರಿತ್ತು. ಪುಡಿ ತಂದುಕೊಟ್ಟವನು ನಾನೇ. ಬ್ಯಾಂಕಿನಲ್ಲಿ ರಸೀದಿ ನೋಡದೆ ಒಂದು ಪೈಸೆ ಬರೆಯದವನು ಮದ್ದಿನ ವಿಷಯದಲ್ಲಿ ಏನನ್ನೂ ಕೇಳಲಿಲ್ಲ. ಅಂದಿನಿಂದ ಇದರ ಚರಿತ್ರೆ ಓದತೊಡಗಿದೆ.

ಕಾಯಿಲೆ ಹಳೆಯದಿರಬಹುದು, ಹೆಸರು ಹೊಸದು. 1935ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು ಏಳು ಮಂದಿ ಸ್ತ್ರೀಯರ ವಿವರ ಬರೆದು ಇದನ್ನು ಗುರುತಿಸಿದರು. ನೀರ್ಕಟ್ಟಿ ಎನ್ನುವುದು ನಿಜವಾದ ಗಡ್ಡೆಯಲ್ಲ. ಅಂಡಾಶಯದಲ್ಲಿ ಪೂರ್ತಿ ಬಲಿಯದೆ ನಿಂತ ಅಂಡಕೋಶಗಳು. ಅನೇಕರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದು. ಆದ್ದರಿಂದ ಸಕ್ಕರೆ ಕಾಯಿಲೆಯ ಭಯ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಹೆರುವ ವಯಸ್ಸಿನ ನೂರು ಸ್ತ್ರೀಯರಲ್ಲಿ 10ರಿಂದ 13 ಮಂದಿಗೆ ಇದಿದೆ.

ಹಾಗಾದರೆ ಹಳೆಯ ವೈದ್ಯ ಏನು ಹೇಳಿತು? ಅಶೋಕಾರಿಷ್ಟವನ್ನೇ ನೋಡಿ. ಅಶೋಕದ ತೊಗಟೆಯ ಈ ಮದ್ದನ್ನು ಹಿಂದಿನವರು ಮುಖ್ಯವಾಗಿ ಹೇಳಿದ್ದು ಅತಿರಕ್ತಸ್ರಾವಕ್ಕೆ. ಈ ಕಾಯಿಲೆಯಲ್ಲಿ ಹೆಚ್ಚಾಗಿ ತಿಂಗಳುಗಟ್ಟಲೆ ಮುಟ್ಟೇ ಬಾರದು. ಹೆಣ್ಣಿನ ಮದ್ದೆಂದರೆ ಎಲ್ಲ ಹೆಣ್ಣಿನ ತೊಂದರೆಗೂ ಮದ್ದಲ್ಲ. ಅದಲ್ಲದೆ ಅಶೋಕವೆಂದು ನೆಟ್ಟಿಲಿಂಗದ ತೊಗಟೆ ಬೆರೆಸುವುದೂ ಉಂಟು.

ನಾಟುಮದ್ದೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಯೂರೋಪಿನಲ್ಲಿ ಗಲೇಗಾ ಎಂಬ ಗಿಡವೊಂದಿದೆ. ಅದನ್ನು ಮೇದ ಕುರಿಗಳು ಸಾಯುವುದುಂಟು. 1918ರಲ್ಲಿ, ಆ ಗಿಡದ ಸತ್ತ್ವದ ಜಾತಿಯ ಗ್ವಾನಿಡಿನ್ ಎಂಬ ವಸ್ತು ಪ್ರಾಣಿಗಳ ರಕ್ತದಲ್ಲಿ ಸಕ್ಕರೆ ಇಳಿಸುವುದು ತಿಳಿಯಿತು. 1922ರಲ್ಲಿ ಡಬ್ಲಿನ್ನಿನಲ್ಲಿ ಅದೇ ಕುಲದ ಮೆಟ್‌ಫಾರ್ಮಿನ್ ತಯಾರಾಯಿತು. 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಅದನ್ನು ಸಕ್ಕರೆ ಕಾಯಿಲೆಯವರಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. 1994ರಲ್ಲಿ ಪಿ.ಸಿ.ಓ.ಎಸ್. ಇರುವ ಸ್ತ್ರೀಯರಲ್ಲಿ ಅದರ ಪರೀಕ್ಷೆಯ ವರದಿ ಬಂತು. ಇಂದು ಡಾಕ್ಟರರು ಬರೆದುಕೊಡುವ ಆ ಮಾತ್ರೆಯ ಅಜ್ಜಿ ಒಂದು ಗಿಡ! ಆದರೆ ಅಜ್ಜಿಗೂ ಮೊಮ್ಮಗಳಿಗೂ ನಡುವೆ ಅಷ್ಟು ವರ್ಷಗಳ ಪರೀಕ್ಷೆ ಇದೆ.

ನಮ್ಮ ಊರಿಗೂ ಪರೀಕ್ಷೆ ಹೊಸದಲ್ಲ. ಕೊಯಮತ್ತೂರಿನಲ್ಲಿ 1943ರಲ್ಲಿ ಪಿ.ವಿ. ರಾಮ ವಾರಿಯರ್ ಆರ್ಯ ವೈದ್ಯ ಫಾರ್ಮಸಿ ಸ್ಥಾಪಿಸಿದರು. ಆ ಸಂಸ್ಥೆ 1977ರಿಂದ ಕೀಲುವಾತದ ಆಯುರ್ವೇದ ಚಿಕಿತ್ಸೆಯನ್ನು ಪರೀಕ್ಷೆಗೆ ಒಡ್ಡಿತು. ಗಜ್ಜುಗಕ್ಕೆ, ಈ ಕಾಯಿಲೆಯ ವಿಷಯದಲ್ಲಿ, ಅಂಥ ಗಟ್ಟಿ ರಸೀದಿ ಇನ್ನೂ ಸಿಕ್ಕಿಲ್ಲ.

ಆದ್ದರಿಂದ ಬಂಧುಗಳೇ, ಹುಡುಗಿಗೆ ಮೂರು ತಿಂಗಳು ಮುಟ್ಟು ಬಾರದಿದ್ದರೆ ಅಂಗಡಿಗೆ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಸಕ್ಕರೆ, ಥೈರಾಯ್ಡ್ ನೋಡಿಸಿ. ಮಿತವಾದ ಊಟ, ದಿನವೂ ನಡಿಗೆ ಇರಲಿ. ಯಾವ ಪುಡಿ ಕುಡಿಯುತ್ತಿದ್ದರೂ ಡಾಕ್ಟರರಿಗೆ ಮುಚ್ಚಿಡದೆ ಹೇಳಿ. ಬಸುರಿ ಹೆಂಗಸರಂತೂ ಅವರನ್ನು ಕೇಳದೆ ಏನನ್ನೂ ಸೇವಿಸಬಾರದು. ನಾಚಿಕೆಯಿಂದ ಕಳೆದ ತಿಂಗಳುಗಳು ಯಾವ ಲೆಕ್ಕದಲ್ಲೂ ಮರಳಿ ಜಮಾ ಆಗುವುದಿಲ್ಲ.