ಕಾಳಯುಕ್ತಿ ಸಂವತ್ಸರದ ಒಂದು ಭೋಗ್ಯಪತ್ರ

ರಾಗಿ ಕಣ ಮುಗೀತು, ಮೆದೆ ಒಟ್ಟಿದ್ದಾಯ್ತು. ಈ ಸಲ ಬೆಳೆ, ಗೊಬ್ಬರದ ವಿಚಾರ ಇಲ್ಲ. ಹಳೇ ಕಾಗದಗಳ ವಿಚಾರ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಇದೆ, ಆದರೆ ಪೌತಿ ಖಾತೆ ಆಗದೆ ಕೂತಿರೋ ಮನೆಗಳಿಗೆ ಉಪಯೋಗ ಆಗುತ್ತೆ ಅಂತ ನನ್ನ ನಂಬಿಕೆ.

ನಮ್ಮ ಮನೇಲಿ ಮುತ್ತಾತನ ಬಗ್ಗೆ ಇದ್ದಿದ್ದು ಒಂದೇ ಮಾತು. "ಕುಡಿದು ಹೊಲ ಅಡ ಇಟ್ಟ." ಮೂರು ಎಕರೆ ಹತ್ತು ಗುಂಟೆ ಖುಷ್ಕಿ. ಅದನ್ನ ಬಿಡಿಸ್ಕೊಂಡಿದ್ದು ಅವನ ಅಣ್ಣ, ಆದ್ದರಿಂದ ಆ ಹೊಲದಲ್ಲಿ ನಮಗೂ ಭಾಗ ಉಂಟು ಅಂತ ಅಣ್ಣನ ಕಡೆ ದಾಯಾದಿಗಳ ವಾದ. ಖಾತೆ ಇನ್ನೂ ನಮ್ಮ ತಾತನ ಹೆಸರಲ್ಲೇ ಇದೆ. ತಾತ ಹೋಗಿ ಕಾಲ ಆಯ್ತು, ಅಪ್ಪನೂ ಹೋದರು. ಪೌತಿ ಖಾತೆಗೆ ಅರ್ಜಿ ಕೊಟ್ಟರೆ ಅವರ ತಕರಾರು. ಖಾತೆ ನಮ್ಮ ಹೆಸರಿಗೆ ಇಲ್ಲದಿದ್ರೆ ಬೆಳೆ ಸಾಲ ಇಲ್ಲ, ಪಿಎಂ ಕಿಸಾನ್ ದುಡ್ಡೂ ಇಲ್ಲ. ಇದು ನಿಮಗೆಲ್ಲ ಗೊತ್ತಿರೋ ಕಷ್ಟವೇ.

ಹೆಸರು, ಸರ್ವೆ ನಂಬರ್, ಊರು ಇಲ್ಲಿ ಹಾಕಿಲ್ಲ. ಈಗ ನಂಬರ್ ಒಂದು ಸಿಕ್ಕಿದ್ರೆ ಸಾಕು, ಯಾರು ಬೇಕಾದ್ರೂ ಮೊಬೈಲಲ್ಲೇ ನಮ್ಮ ಪಹಣಿ ನೋಡಬಹುದು.

ಹುಡುಕಾಟ ಶುರು ಆಗಿದ್ದು ತಾತನ ಟ್ರಂಕಿನಲ್ಲಿದ್ದ ಒಂದು ಭೋಗ್ಯಪತ್ರದಿಂದ. ಅದನ್ನ ನಾವು ಚಿಕ್ಕವರಿದ್ದಾಗಿಂದ ನೋಡಿದ್ವಿ, ಓದಿದವರು ಯಾರೂ ಇಲ್ಲ. ಹಳೇ ಶ್ಯಾನುಭೋಗರ ಮೋಡಿ ಅಕ್ಷರ, ಪದಕ್ಕೂ ಪದಕ್ಕೂ ನಡುವೆ ಜಾಗವೇ ಇಲ್ಲ, ಸಾಲೆಲ್ಲ ಒಂದೇ ಎಳೆ. ನಮ್ಮ ಪಕ್ಕದೂರಿನ ಶ್ಯಾನುಭೋಗರ ಮನೆತನದ ಹಿರಿಯರೊಬ್ಬರು ಭೂತಕನ್ನಡಿ ಹಿಡಿದು ಎರಡು ಮಧ್ಯಾಹ್ನ ಕೂತು ಓದಿ ಕೊಟ್ಟರು.

ಮೊದಲ ಪಾಠ ಅವರಿಂದಲೇ ಆಯ್ತು. ಪತ್ರದಲ್ಲಿ ಬರೆದಿದ್ದು "ಕಾಳಯುಕ್ತಿ ನಾಮ ಸಂವತ್ಸರ, ಕಾರ್ತಿಕ ಮಾಸ". ಸಂವತ್ಸರಗಳು ಅರವತ್ತು, ಆಮೇಲೆ ಮೊದಲಿಂದ ಶುರು. ಕಾಳಯುಕ್ತಿ 1918ರಲ್ಲೂ ಬಂದಿತ್ತು, 1978ರಲ್ಲೂ ಬಂದಿತ್ತು. ಕಾಗದ ನೋಡಿ ಸಂವತ್ಸರ ಮಾತ್ರ ಹಿಡ್ಕೊಂಡ್ರೆ ಅರವತ್ತು ವರ್ಷ ಆಚೆ ಈಚೆ ಆಗಿಬಿಡುತ್ತೆ. ಹಿಂದುಗಡೆ ಸಬ್ ರಿಜಿಸ್ಟ್ರಾರ್ ಮೊಹರು ಇದ್ದರೆ ಅದರಲ್ಲಿ ಇಂಗ್ಲಿಷ್ ತಾರೀಖು ಇರುತ್ತೆ. ನಮ್ಮದರಲ್ಲಿ ಇತ್ತು: 1918ರ ನವೆಂಬರ್.

ಸಾಲ ನೂರೈವತ್ತು ರೂಪಾಯಿ. ಕಾರಣ "ಸಂಸಾರದ ಅಡಚಣೆ ನಿಮಿತ್ತ". ಹಿರಿಯರು ನಕ್ಕರು. "ಇದನ್ನ ನಂಬ್ಕೊಂಡು ಕೂರಬೇಡಪ್ಪ. ಆ ಕಾಲದ ಎಲ್ಲಾ ಪತ್ರದಲ್ಲೂ ಇದೇ ಇರುತ್ತೆ. ಮದುವೆಗಾದ್ರೂ ಅಡಚಣೆ, ಜೂಜಿಗಾದ್ರೂ ಅಡಚಣೆ. ಯಾಕೆ ಅಂತ ತಿಳೀಬೇಕು ಅಂದ್ರೆ ಬೇರೆ ಪುಸ್ತಕ ನೋಡು" ಅಂದರು.

ಬೇರೆ ಪುಸ್ತಕ ಅಂದ್ರೆ ಜನನ ಮರಣ ರಿಜಿಸ್ಟರ್. ಆಗ ಊರಲ್ಲಿ ಹುಟ್ಟಿದ್ದು ಸತ್ತಿದ್ದು ಪಟೇಲ, ಶ್ಯಾನುಭೋಗರ ಮೂಲಕ ಬರೆದು ತಾಲ್ಲೂಕಿಗೆ ಹೋಗ್ತಿತ್ತು. ತಾಲ್ಲೂಕು ಆಫೀಸಿನ ರೆಕಾರ್ಡ್ ರೂಮಿನಲ್ಲಿ ನಮ್ಮ ಹೋಬಳಿದು ಅರ್ಧ ಗೆದ್ದಲು ತಿಂದಿತ್ತು. ಪುಣ್ಯಕ್ಕೆ ನಮಗೆ ಬೇಕಾದ ಪುಟ ಉಳಿದಿತ್ತು. ಬೇರೆ ತಿಂಗಳು ನಮ್ಮೂರಿಗೆ ಒಂದು ಸಾಲೋ ಎರಡು ಸಾಲೋ. 1918ರ ಅಕ್ಟೋಬರ್, ನವೆಂಬರಿಗೆ ಬಂದರೆ ಪುಟ ತಿರುವಿದರೂ ಮುಗಿಯಲ್ಲ. ಕಾರಣದ ಕಲಂನಲ್ಲಿ ಜ್ವರ, ಜ್ವರ, ಜ್ವರ. ಕೆಳಗೆ ಕೆಳಗೆ ಬರೆಯೋರಿಗೂ ಸಾಕಾಗಿ ಬರೀ ಚುಕ್ಕೆ ಇಟ್ಟಿದ್ದಾರೆ. ಅದರ ನಡುವೆ ನಮ್ಮ ಮುತ್ತಾತನ ಹೆಸರು ಎರಡು ಸಲ, ತಂದೆ ಅಂತ. ಒಂದು ಹೆಣ್ಣು ಮಗು, ವಯಸ್ಸು ನಾಲ್ಕು. ಒಂದು ಗಂಡು, ಒಂದೂವರೆ. ನಡುವೆ ಒಂಬತ್ತು ದಿನ.

ಅದು ಜಗತ್ತನ್ನೇ ಸುತ್ತಿದ ಇನ್‌ಫ್ಲುಯೆಂಜಾ. 1918ರ ಜೂನ್‌ನಲ್ಲಿ ಬೊಂಬಾಯಿಗೆ ಬಂತು, ಮಳೆಗಾಲ ಮುಗಿಯೋ ಹೊತ್ತಿಗೆ ಎರಡನೇ ಅಲೆ ಎದ್ದು ಹಳ್ಳಿಹಳ್ಳಿಗೆ ನುಗ್ಗಿತು. ಇಂಡಿಯಾದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಹೋದರು. 1911ರಿಂದ 1921ರ ಹತ್ತು ವರ್ಷದಲ್ಲಿ ದೇಶದ ಜನಸಂಖ್ಯೆ ಏರೋದು ಬಿಟ್ಟು ಇಳೀತು. ಅದೇ ವರ್ಷ ಮುಂಗಾರೂ ಕೈಕೊಟ್ಟಿತ್ತು, ಮಹಾಯುದ್ಧದ ದೆಸೆಯಿಂದ ಕಾಳುಕಡ್ಡಿ ಬೆಲೆ ಏರಿತ್ತು. ಈ ಜ್ವರಕ್ಕೆ ಹೆಚ್ಚು ಬಲಿಯಾದೋರು ದುಡಿಯೋ ವಯಸ್ಸಿನವರು. ಅಂದ್ರೆ ಇದ್ದಷ್ಟು ಬೆಳೇನೂ ಕೊಯ್ಯೋರಿಲ್ಲ. ಕಾರ್ತಿಕದಲ್ಲಿ ನಮ್ಮ ಸೀಮೇಲಿ ರಾಗಿ ತೆನೆ ಬಲೀತಾ ಇರುತ್ತೆ, ಕೊಯ್ಲು ಎದುರಿಗೆ ಇರುತ್ತೆ. ತೆನೆ ಹೊಲದಲ್ಲಿರೋವಾಗ ಹೊಲಾನೇ ಅಡ ಇಡೋ ರೈತ ಸುಮ್ಮನೆ ಇಡಲ್ಲ. ಇದನ್ನ ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಸೋದರತ್ತೆಗೆ ಈಗ ಎಂಬತ್ತು ದಾಟಿದೆ. ಅವರಿಗೆ ಈ ಪುಟದ ವಿಚಾರ ಹೇಳಿದೆ. "ಹೂಂ ಕಣಪ್ಪ, ಒಂದೇ ಜ್ವರದಲ್ಲಿ ಎರಡು ಕೂಸು ಹೋದ್ವು ಅಂತ ನಮ್ಮಜ್ಜಿ ಅಳ್ತಿದ್ಲು" ಅಂದರು. ಅವರಿಗೆ ಮೊದಲಿಂದ ಗೊತ್ತು. ಅದಕ್ಕೂ ಹೊಲ ಅಡ ಇಟ್ಟಿದ್ದಕ್ಕೂ ಗಂಟು ಹಾಕಿ ಕೇಳಿದವರು ಮನೇಲಿ ಒಬ್ಬರೂ ಇರಲಿಲ್ಲ.

ಮುಂದಿನ ಕಾಗದ ನಮ್ಮೂರ ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕ. 1920ರಲ್ಲಿ ನಮ್ಮ ತಾತ ಸೇರಿದ್ದು, ವಯಸ್ಸು ಏಳು. ತಂದೆಯ ಕಸುಬು ಅನ್ನೋ ಕಲಂನಲ್ಲಿ "ಕೂಲಿ". ಅದೇ ಪುಟದಲ್ಲಿ ಬೇರೆಯವರಿಗೆಲ್ಲ "ಬೇಸಾಯ". ಭೋಗ್ಯ ಅಂದ್ರೆ ಗೊತ್ತಲ್ಲ, ಸಾಲ ತೀರೋವರೆಗೂ ಹೊಲ ಸಾಹುಕಾರನ ಸ್ವಾಧೀನ, ಬೆಳೆಯೂ ಅವನಿಗೇ. ಹೊಲ ಇದ್ದೂ ಕೂಲಿ. ಹಂಗಿದ್ದೂ ಮಗನ್ನ ದನ ಕಾಯೋಕೆ ಬಿಡದೆ ಶಾಲೆಗೆ ಸೇರಿಸಿದ್ದಾನೆ. ಮುತ್ತಾತ ಕುಡೀತಿದ್ನೋ ಇಲ್ವೋ, ಯಾವ ರಿಜಿಸ್ಟರಿನಲ್ಲೂ ಅದಕ್ಕೆ ಕಲಂ ಇಲ್ಲ. ಆದರೆ ಹೊಲ ಹೋದ ತಿಂಗಳು ಯಾವುದು, ಆಮೇಲೆ ಅವನು ಏನು ಮಾಡಿದ ಅಂತ ಎರಡು ಪುಸ್ತಕ ಸಾಕ್ಷಿ ಹೇಳ್ತವೆ.

ಇನ್ನು ಬಿಡಿಸಿದ್ದು ಯಾರು? ಉತ್ತರ ಭೋಗ್ಯಪತ್ರದ ಬೆನ್ನ ಮೇಲೇ ಇತ್ತು. ಸಾಲ ಸಂದಾಯ ಆದಾಗಲೆಲ್ಲ ಹಿಂಬರಹ ಬರೀತಿದ್ದರು. ಮೂರು ಹಿಂಬರಹ ಇವೆ. ಮೊದಲನೇದು ದುಂದುಭಿ, ಅಂದ್ರೆ 1922-23. ನಲವತ್ತು ರೂಪಾಯಿ, ಮುತ್ತಾತನ ಹೆಬ್ಬೆಟ್ಟು. ಎರಡನೇದು ಅಕ್ಷಯ, 1926-27, ಐವತ್ತು ರೂಪಾಯಿ. ಮೂರನೇದು ವಿಭವ, 1928-29. ಉಳಿದ ಅರವತ್ತು, "ಪೂರಾ ಚುಕ್ತಾ". ಎರಡನೇದಕ್ಕೂ ಮೂರನೇದಕ್ಕೂ ಇರೋದು ಮುತ್ತಜ್ಜಿಯ ಹೆಬ್ಬೆಟ್ಟು. ಅವಳ ಹೆಸರು, ಮುಂದೆ "ಕೋಂ", ಆಮೇಲೆ ಗಂಡನ ಹೆಸರು. ಅಣ್ಣನ ಹೆಸರು ಸಾಕ್ಷಿಯಾಗಿ ಕೂಡ ಇಲ್ಲ.

ಮೈಸೂರು ಸಂಸ್ಥಾನದಲ್ಲಿ 1927ರ ಹಕ್ಕುದಾಖಲೆ ಕಾಯ್ದೆ ಆದಮೇಲೆ ಬರೆದ ಐ.ಎಲ್., ಆರ್.ಆರ್. ಪುಸ್ತಕಗಳನ್ನೂ ತೆಗೆಸಿದೆ. ಅಲ್ಲಿ ಆ ನಂಬರಿಗೆ ತಾತನ ಹೆಸರು, ಪಕ್ಕದಲ್ಲಿ "ಮೈನರ್, ಗಾರ್ಡಿಯನ್ ತಾಯಿ". ಈ ಮೂರು ಪದದಲ್ಲಿ ಒಂದು ಬದುಕೇ ಇದೆ. ಅಪ್ಪ ಆಗಲೇ ತೀರಿಹೋಗಿದ್ದಾನೆ. ಮಗನಿಗೆ ಹದಿನೆಂಟು ತುಂಬಿಲ್ಲ. ಹೊಲ ಮನೆಗೆ ವಾಪಸ್ ಬಂದಿದೆ. ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಮೈಸೂರಿನಲ್ಲಿ ಕಾಯ್ದೆ ಆಗಿದ್ದು 1933ರಲ್ಲಿ. ಅದಕ್ಕೂ ಮೊದಲೇ ಒಬ್ಬ ವಿಧವೆ ಕೂಲಿನಾಲಿ ಮಾಡಿ ನೂರಾಹತ್ತು ರೂಪಾಯಿ ಕಟ್ಟಿ ಹೊಲ ಬಿಡಿಸಿ, ಮಗನ ಹೆಸರಿಗೆ ಉಳಿಸಿದ್ದಾಳೆ.

ಆದರೆ ನಮ್ಮ ವಂಶವೃಕ್ಷದಲ್ಲಿ ಅವಳ ಹೆಸರು ಇರಲಿಲ್ಲ. ಹೆಳವರು ಸುಗ್ಗಿ ಮುಗಿದಮೇಲೆ ಬಂದು ವಂಶ ಹೊಗಳ್ತಾರಲ್ಲ, ಅವರ ಪುಸ್ತಕದಲ್ಲೂ ಇಲ್ಲ. ಹೆಳವರನ್ನ ಹಗುರ ಮಾಡ್ತಿಲ್ಲ. ನಮ್ಮ ಮೂಲದವರು ಧಾತು ಈಶ್ವರ ಬರದಲ್ಲಿ ಊರು ಬಿಟ್ಟು ಬಂದೋರು ಅಂತ ಹೇಳಿದ್ದು ಅವರೇ. 1876ರಿಂದ 78ರ ಆ ಬರ ಎಂಥದ್ದು ಅಂದ್ರೆ, ಮೈಸೂರು ಸಂಸ್ಥಾನದ ಜನ 1871ರ ಗಣತಿಯಲ್ಲಿ 50 ಲಕ್ಷದ ಮೇಲಿದ್ದೋರು 1881ಕ್ಕೆ 42 ಲಕ್ಷದ ಒಳಗೆ ಬಂದರು. ಅಷ್ಟು ಹಿಂದಿನ ಮಾತು ಸರ್ಕಾರಿ ಕಾಗದದಲ್ಲಿ ನಮಗೆ ಸಿಗಲಿಲ್ಲ, ಹೆಳವರ ಬಾಯಲ್ಲಿ ಸಿಕ್ತು. ಆದರೆ ಅವರು ನಮಗೆ ಓದಿದ್ದು ಅಪ್ಪ, ಮಗ, ಮೊಮ್ಮಗ. ಹೆಣ್ಣು ಬೇಕಾದ್ರೆ "ಕೋಂ", "ಗಾರ್ಡಿಯನ್" ಅನ್ನೋ ಪದ ಎಲ್ಲಿದೆ ಅಂತ ಬೆರಳಿಟ್ಟು ಹುಡುಕಬೇಕು.

ಇಷ್ಟರಲ್ಲಿ ನನಗೆ ಅನಿಸಿದ್ದು ಇದು. ಒಂದೇ ಕಾಗದ ಹಿಡ್ಕೊಂಡು ಹಿರಿಯರನ್ನ ತೂಗಬಾರದು. ಭೋಗ್ಯಪತ್ರ ಒಂದೇ ನೋಡಿದ್ರೆ ಮುತ್ತಾತ ಹೊಲ ಕಳೆದೋನು. ಮರಣದ ಪುಸ್ತಕ, ಶಾಲೆ ಪುಸ್ತಕ, ಪತ್ರದ ಬೆನ್ನು ಎಲ್ಲಾ ಪಕ್ಕಪಕ್ಕ ಇಟ್ಟು, ಆ ವರ್ಷ ಮಳೆ ಏನಾಯ್ತು, ರೋಗ ಏನಿತ್ತು ಅಂತ ಕೇಳಿದಾಗಲೇ ಮನುಷ್ಯ ಕಾಣೋದು.

ನೀವೂ ಹುಡುಕೋದಾದ್ರೆ:

ಕಂಪ್ಯೂಟರ್ ಪಹಣಿ ಬಂದಿದ್ದು 2000ದ ಸುಮಾರಿಗೆ. ಅದಕ್ಕೂ ಹಿಂದಿಂದು ಬೇಕಾದ್ರೆ ಕೈಬರಹದ ಪಹಣಿ, ಎಂ.ಆರ್., ಐ.ಎಲ್., ಆರ್.ಆರ್. ಅಂತ ಹೆಸರು ಹೇಳಿ ತಾಲ್ಲೂಕು ಆಫೀಸಿನಲ್ಲಿ ನಕಲಿಗೆ ಅರ್ಜಿ ಕೊಡಿ. ಬರೀ "ಹಳೇ ದಾಖಲೆ" ಅಂದ್ರೆ ಯಾರೂ ಹುಡುಕಲ್ಲ. ಈಗ ಭೂ ಸುರಕ್ಷಾ ಯೋಜನೆಯಲ್ಲಿ ರೆಕಾರ್ಡ್ ರೂಮಿನ ಕಡತ ಸ್ಕ್ಯಾನ್ ಮಾಡ್ತಿದ್ದಾರೆ, ಅದನ್ನೂ ವಿಚಾರಿಸಿ.

ಅಳತೆ ವ್ಯಾಜ್ಯ ಇದ್ರೆ ಸರ್ವೆ ಇಲಾಖೆಯಲ್ಲಿ ಟಿಪ್ಪಣಿ, ಆಕಾರ್‌ಬಂದ್ ಕೇಳಿ. ಹಳೇ ಅಳತೆಯ ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಚೌಕ ಅಂದ್ರೆ ಒಂದು ಗುಂಟೆ. ಇಷ್ಟು ತಿಳಿದಿದ್ರೆ ಟಿಪ್ಪಣಿ ನೀವೇ ಓದಬಹುದು.

1963ರಲ್ಲಿ ವಂಶಪಾರಂಪರ್ಯದ ಪಟೇಲಿಕೆ, ಶ್ಯಾನುಭೋಗಿಕೆ ಹೋದವು. ಮೋಡಿ ಓದೋ ಹಿರಿಯರು ಈಗ ಬೆರಳೆಣಿಕೆ. ಟ್ರಂಕಿನಲ್ಲಿ ಕಾಗದ ಇದ್ರೆ ಈ ವರ್ಷವೇ ಓದಿಸಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಫೋಟೋ ತೆಗೆದು ಬಟ್ಟೇಲಿ ಸುತ್ತಿಡಿ. ಬೆನ್ನ ಕಡೆ ಫೋಟೋ ತೆಗೆಯೋದು ಮರೀಬೇಡಿ.

ನಮ್ಮ ವ್ಯಾಜ್ಯ ಎಲ್ಲಿಗೆ ಬಂತು ಅಂತ ಕೇಳ್ತೀರಿ. ಹಿಂಬರಹದ ನಕಲು ದಾಯಾದಿಗಳ ಮುಂದೆ ಇಟ್ಟಿದ್ದೀನಿ. ಮೂವರಲ್ಲಿ ಒಬ್ಬರು ಒಪ್ಪಿ ರುಜು ಹಾಕಿದ್ದಾರೆ. ಇನ್ನಿಬ್ಬರು ಯೋಚ್ನೆ ಮಾಡ್ತೀವಿ ಅಂದಿದ್ದಾರೆ. ಗ್ರಾಮ ಆಡಳಿತಾಧಿಕಾರಿಗೆ ಕೊಡೋ ಹೊಸ ವಂಶವೃಕ್ಷದಲ್ಲಿ ಮುತ್ತಾತನ ಪಕ್ಕ ಮುತ್ತಜ್ಜಿ ಹೆಸರು ಬರೆಸಿದ್ದೀನಿ, ಜ್ವರದಲ್ಲಿ ಹೋದ ಎರಡು ಕೂಸಿನ ಹೆಸರೂ ಬರೆಸಿದ್ದೀನಿ. ಖಾತೆಗೆ ಆ ಕೂಸುಗಳ ಹೆಸರು ಬೇಕಾಗಿಲ್ಲ, ಆದರೂ ಇರಲಿ.