ಎರಿನೆಲದ ಮನೆ ವಿಸ್ತರಣೆಯಲ್ಲಿ ಪೊಳ್ಳು ಗೋಡೆ ಮತ್ತು ತೇವದ ಸಮಸ್ಯೆ: ಗ್ರಾಮೀಣ ಧಾರವಾಡದ ನಿದರ್ಶನ

ನಡುವೆ ತೆರಪು ಬಿಟ್ಟು ಎರಡು ಪದರಾಗಿ ಕಟ್ಟುವ ಪೊಳ್ಳು ಗೋಡೆ ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಬಳಕೆಗೆ ಬರತೊಡಗಿತು. ಗಾಳಿಯೊಡನೆ ಬಡಿಯುವ ಇರಚಲು ಒಳಪದರಕ್ಕೆ ದಾಟದಂತೆ ತಡೆಯುವುದು ಅದರ ಮುಖ್ಯ ಕೆಲಸ. ಆದರೆ ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿಗಳ ಎರಿನೆಲದಲ್ಲಿ (ಕಪ್ಪು ಹತ್ತಿ ಮಣ್ಣಿನಲ್ಲಿ) ಗೋಡೆಯನ್ನು ಹೆಚ್ಚು ಕಾಡುವುದು ಇರಚಲಲ್ಲ, ಪಾಯದಿಂದ ಮೇಲೇರುವ ತೇವ. ಹಾಗಾಗಿ ಇಲ್ಲಿ ಹಳೆಯ ಮನೆಗೆ ಕೋಣೆ ಜೋಡಿಸುವವರು ತೆರಪಿಗಿಂತ ಮೊದಲು ಪಾಯವನ್ನು ನೋಡಬೇಕು.

ಈ ಭಾಗದ ಮೇಲ್ಮುದ್ದಿ (ಮಣ್ಣಿನ ಚಪ್ಪಟೆ ಮಾಳಿಗೆಯ) ಮನೆಗಳ ಮಣ್ಣಿನ ಗೋಡೆಗೆ, ಪಾಯದ ತೇವ ಮೇಲೇರದಂತೆ ಹಾಸುವ ತೇವತಡೆ ಪದರವೇ ಇರುವುದಿಲ್ಲ. ಹೀರಿದ ನೀರನ್ನು ಗೋಡೆ ಎರಡೂ ಮೈಯಿಂದ ಆರಿಸಿಕೊಳ್ಳುತ್ತದೆ. ಅದಕ್ಕೆ ಸಿಮೆಂಟಿನ ಗಿಲಾವು ಬಳಿದರೆ ಆರುವ ದಾರಿ ಮುಚ್ಚಿ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ. ಮಲಪ್ರಭಾ ಕಾಲುವೆಯ ಅಚ್ಚುಕಟ್ಟಿನಲ್ಲಿ ಜೌಗು, ಸವಳು ಹೆಚ್ಚಿದ ಕಡೆ ತೇವದೊಂದಿಗೆ ಉಪ್ಪೂ ಏರಿ ಬಣ್ಣವನ್ನು ಉದುರಿಸುತ್ತದೆ.

ನಿಜವಾದ ತೊಡಕು ಹಳೆಯದು ಹೊಸದು ಕೂಡುವ ಸಂದಿಯಲ್ಲಿದೆ. ಸಿಸಿ ರಸ್ತೆ ಏರುತ್ತ ಹೋದಂತೆ ಹಳೆಯ ನೆಲ ತಗ್ಗಿಗೆ ಬಿದ್ದಿರುತ್ತದೆ; ಹೊಸ ಕೋಣೆಯ ನೆಲವನ್ನು ಒಂದೆರಡು ಅಡಿ ಎತ್ತರಿಸಿ ಗರಸು ತುಂಬುತ್ತಾರೆ. ಆ ಗರಸು ಹಳೆಯ ಮಣ್ಣಿನ ಗೋಡೆಗೇ ಆತು ಕೂರುತ್ತದೆ. ಅದರ ತೇವ ಅಡ್ಡಲಾಗಿ ಒಳನುಗ್ಗುತ್ತದೆ. ಹೊಸ ಗೋಡೆಯ ತೇವತಡೆ ಪದರ ಎಷ್ಟೇ ಚೆನ್ನಾಗಿದ್ದರೂ ಅದನ್ನು ತಡೆಯಲಾರದು. ಹಳೆಯ, ಹೊಸ ನೆಲಗಳ ಎರಡೂ ಮಟ್ಟಗಳನ್ನು ಬೆಸೆಯುವ ಲಂಬ ತೇವತಡೆ ಹಾಳೆಯೊಂದು ಬೇಕೇ ಬೇಕು. ಹೊಸ ಕೋಣೆ ಬಚ್ಚಲಾದರಂತೂ (ಬಹಳ ಸಲ ಅದೇ ಆಗಿರುತ್ತದೆ) ಈ ಮಾತು ಇಮ್ಮಡಿ ನಿಜ. ಹಳೆಯ ಗೋಡೆಯ ಪಕ್ಕದಲ್ಲಿ ಹೊಸದನ್ನು ಬೇರೆಯಾಗಿ ಎಬ್ಬಿಸಿದರೆ, ಎರಡರ ನಡುವೆ ಉಳಿದ ನಾಲ್ಕು ಬೆರಳಿನ ಸಂದಿಗೆ ಗೌಂಡಿ ಇಟ್ಟಿಗೆ ಚೂರು, ಉಳಿದ ಮಾಲು ಸುರಿದು ಬಿಡುತ್ತಾನೆ, ಗೋಡೆ ಗಟ್ಟಿಯಾಗಲೆಂದು. ತೇವ ದಾಟಲು ಸೇತುವೆ ಕಟ್ಟಿಕೊಟ್ಟಂತಾಯಿತು.

ತೇವತಡೆ ಪದರ ಹೊರನೆಲಕ್ಕಿಂತ ಕನಿಷ್ಠ 150 ಮಿ.ಮೀ. ಮೇಲಿರಬೇಕೆಂಬುದು ರೂಢಿಯ ನಿಯಮ. ರೂಢಿಯ 40 ಮಿ.ಮೀ. ಕಾಂಕ್ರೀಟ್ ಪದರ ಎರಿನೆಲದಲ್ಲಿ ಬಿರಿಯುವ ಭಯವಿದೆ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ತುಂಬಿದ ಈ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುತ್ತದೆ. ಹೊಸ ಪಾಯ, ಹಳೆಯ ಪಾಯ ಒಂದೇ ಸಮ ಕದಲುವುದಿಲ್ಲ. ಬಾಗುವ ಬಿಟುಮೆನ್ ಹಾಳೆಯೇ ಇಲ್ಲಿ ಹೊಂದುತ್ತದೆ. ಹೊಸ ಇಟ್ಟಿಗೆಯನ್ನು ಹಳೆಯ ಗೋಡೆಗೆ ಹಲ್ಲು ಕಚ್ಚಿಸುವುದೂ ತರವಲ್ಲ.

ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯಗೊಳಿಸಿದ, ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಒಳಗೆ ಪೊಳ್ಳು ಬಿಡುವ ರ‍್ಯಾಟ್ ಟ್ರ್ಯಾಪ್ ಬಾಂಡನ್ನು ಕೆಲವರು ಪೊಳ್ಳು ಗೋಡೆಯೆಂದೇ ಎಣಿಸುತ್ತಾರೆ. ಅದರಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುವುದು ದಿಟ. ಆದರೆ ಅಡ್ಡ ಇಟ್ಟಿಗೆಗಳು ಹೊರಮೈಯಿಂದ ಒಳಮೈವರೆಗೆ ಹಾಯುವುದರಿಂದ ಅದು ತೇವಕ್ಕೆ ತಡೆಯಲ್ಲ.

ಮಲೆನಾಡಿನ ಸೆರಗಿನ ಕಲಘಟಗಿಯ ಮಾತು ಬೇರೆ. ಅಲ್ಲಿ ಪಡುವಣ ಮಳೆಗೆ ಎದುರಾದ ಗೋಡೆಗೆ 50ರಿಂದ 75 ಮಿ.ಮೀ. ತೆರಪು ಸಾರ್ಥಕ. ತೆರಪು ತೇವತಡೆ ಪದರಕ್ಕಿಂತ 150 ಮಿ.ಮೀ. ಕೆಳಗಿಳಿಯಬೇಕು, ಹೊರಪದರಿನ ಬುಡದಲ್ಲಿ ನೀರು ಬಸಿಯುವ ಕಂಡಿಗಳಿರಬೇಕು. ನವಲಗುಂದ, ಅಣ್ಣಿಗೇರಿ ಹಾಗೂ ಕುಂದಗೋಳದ ಎರಿ ಊರುಗಳಲ್ಲಿ ಮಾತ್ರ ಎರಡನೆಯ ಪದರಿನ ಇಟ್ಟಿಗೆಗೆ ಹಾಕುವ ಹಣವನ್ನು ತೇವತಡೆ ಹಾಳೆಗೂ ಬಚ್ಚಲ ನೀರನ್ನು ದೂರ ಒಯ್ಯುವ ಗಟಾರಿಗೂ ಹಾಕುವುದೇ ಲೇಸು.