ತೆರೆಯ ಮೇಲೆ ಮರಳಿದ ಗ್ರಹಣ

1980ರ ಫೆಬ್ರವರಿ 16ರ ಮಧ್ಯಾಹ್ನ ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಚಂದ್ರನ ನೆರಳು ಹಾದುಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಉಪಕರಣ ಹೂಡಿ ಕಾದಿದ್ದರು. ಆದರೆ ಜನರಲ್ಲಿ ಅನೇಕರು ಬಾಗಿಲು, ಕಿಟಕಿ ಮುಚ್ಚಿ ಒಳಗೇ ಕುಳಿತರು. ಖಗ್ರಾಸ ಗ್ರಹಣದಲ್ಲಷ್ಟೇ ಬರಿಗಣ್ಣಿಗೆ ಕಾಣುವ ಸೂರ್ಯನ ಪ್ರಭಾವಳಿ ಅವರ ಪಾಲಿಗೆ ತಪ್ಪಿಹೋಯಿತು.

ಆ ಆಕಾಶವನ್ನು ಈಗ ಕಂಪ್ಯೂಟರಿನಲ್ಲಿ ಮರಳಿ ತರಬಹುದು. ಫ್ರಾನ್ಸಿನ ಫಾಬಿಯೆನ್ ಶೆರೋ 2000ದಲ್ಲಿ ಆರಂಭಿಸಿದ ‘ಸ್ಟೆಲ್ಲೇರಿಯಂ’ ಉಚಿತ ತಂತ್ರಾಂಶ. ಊರು, ದಿನಾಂಕ, ವೇಳೆ ಕೊಟ್ಟರೆ ಸಾಕು. ಅಂಕೋಲಾ ಎಂದು ಕೊಟ್ಟು ಗಡಿಯಾರವನ್ನು ಮೂರೂವರೆಯಿಂದ ಮುಂದಕ್ಕೆ ಸರಿಸಿದರೆ ಪಡುವಣಕ್ಕೆ ವಾಲಿದ ಸೂರ್ಯ ಸವೆಯುತ್ತಾ ಹೋಗಿ ಪೂರ್ತಿ ಮರೆಯಾಗುತ್ತಾನೆ.

ಊರನ್ನು ಭಟ್ಕಳದ ಮುಟ್ಟಳ್ಳಿಗೆ ಬದಲಿಸಿ, ಅದೇ ರಾತ್ರಿ ಒಂಬತ್ತರ ಸುಮಾರಿಗೆ ಬನ್ನಿ. ಇಲ್ಲಿನ ಅಕ್ಷಾಂಶ ಸುಮಾರು 14 ಡಿಗ್ರಿ; ಧ್ರುವ ನಕ್ಷತ್ರವೂ ಬಡಗಣದಲ್ಲಿ ಹೆಚ್ಚುಕಡಿಮೆ ಅಷ್ಟೇ ಎತ್ತರ. ತೆಂಕಣದ ಅಗಸ್ತ್ಯ ಅದಕ್ಕಿಂತ ಮೇಲೆ, 23 ಡಿಗ್ರಿಯಲ್ಲಿದೆ. ಇದನ್ನು ಪ್ರತಿ ಫೆಬ್ರವರಿಯಲ್ಲಿ ಅಂಗಳದಿಂದಲೇ ತಾಳೆ ನೋಡಬಹುದು. ಮೂಡಣದ ನಕ್ಷತ್ರಗಳಿಗೆ ಮಾತ್ರ ತುಸು ಹೆಚ್ಚು ಕಾಯಬೇಕು: ತಂತ್ರಾಂಶದ ದಿಗಂತ ಸಪಾಟು, ಮುಟ್ಟಳ್ಳಿಯ ಮೂಡಣಕ್ಕೆ ಘಟ್ಟವಿದೆ.